ಅರಸ ಕೆಡಿಸಿದ ಮೂರು ಗಡಿಗೆ

“ಕೇಳಿರಪ್ಪಾ ಕೇಳಿ! ಕರಡಿಕಲ್ಲು ಸೀಮೆಯ ಅರಸರಾದ ಉದ್ದಂಡರಾಯರು ಹೊಸ ರಾಗಿಯ ಹೆಂಡ ಹಾಕಿದರು. ಮೂರು ಸಲ ಹಾಕಿದರು, ಮೂರು ಸಲವೂ ಕೆಟ್ಟಿತು. ಕೆಡಿಸಿದ್ದು ಗಡಿಗೆ. ಗಡಿಗೆ ಮಾಡಿದವನು ಕುಂಬಾರ ಸಣ್ಣಯ್ಯ. ಬರುವ ಅಮಾವಾಸ್ಯೆಗೆ ಅವನ ತಲೆ ತೆಗೆಯಲಾಗುವುದು. ಹಿರಿಯ ರಾಣಿಯವರು ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುವುದು. ತಪ್ಪಿದವರ ತಲೆ ಕುಂಬಾರನ ತಲೆಯ ಜೊತೆಗೇ ಉರುಳುವುದು!”

ಡಂಗುರ ಹೀಗೆ ಸಾರಿತು. ಆ ಸೀಮೆಯಲ್ಲಿ ಪಟ್ಟಕ್ಕೆ ಬಂದವನು ಹೊಸ ರಾಗಿಯ ಹೆಂಡವನ್ನು ಕೈಯಾರೆ ಮಾಡಿ ಜನಕ್ಕೆ ಹಂಚಬೇಕು. ಅಲ್ಲಿಯವರೆಗೆ ಅವನು ಅರ್ಧ ಅರಸ. ಅಲ್ಲಿ ಮನೆಮನೆಯ ಹೆಂಗಸಿಗೂ ಈ ಕೆಲಸ ಬರುತ್ತಿತ್ತು. ಕುಡಿದ ಲೋಟವನ್ನೂ ತೊಳೆದು ಗೊತ್ತಿಲ್ಲದ ಉದ್ದಂಡರಾಯನಿಗೆ ಬರುತ್ತಿರಲಿಲ್ಲ. ಬಾರದಿದ್ದರೆ ಕೇಳಬಹುದಿತ್ತು. ಅವನು ಕೇಳಲಿಲ್ಲ.

ಸಣ್ಣಯ್ಯನ ಮಗಳು ಜವರಿ ಒಂಬತ್ತು ದಿನ ಅರಮನೆ ಬಾಗಿಲಿಗೆ ಬಂದಳು. “ನಮ್ಮಪ್ಪನ ಗಡಿಗೇಲಿ ಊರೆಲ್ಲ ಹೆಂಡ ಹಾಕ್ತದೆ, ಯಾರದ್ದೂ ಕೆಟ್ಟಿಲ್ಲ” ಎಂದು ಒಂಬತ್ತು ದಿನವೂ ಹೇಳಿದಳು. ಕಾವಲಿನವನು ಒಂಬತ್ತು ದಿನವೂ ಅವಳನ್ನು ಆಚೆಗೆ ದಬ್ಬಿದ. ಅಷ್ಟರಲ್ಲಿ ಅರಸ ಹೆಂಡ ಹಾಕಿದ ಬಗೆಯನ್ನು ಆಳುಗಳು ಆಡಿಕೊಳ್ಳುವುದು ಅವಳ ಕಿವಿಗೆ ಬಿದ್ದಿತ್ತು. ಡಂಗುರ ಕೇಳಿದ ಮೇಲೆ, ಒಗಟಿಗೆ ಉತ್ತರ ಹೇಳುವವರ ಸಾಲಿನಲ್ಲಿ ನಿಂತಳು. ಸಾಲಿನಲ್ಲಿ ನಿಂತವರನ್ನು ತಡೆಯುವಂತಿರಲಿಲ್ಲ.

ಹಿರಿಯ ರಾಣಿ, ಎಂದರೆ ಅರಸನ ತಾಯಿ, ಮೊದಲ ಒಗಟು ಹೇಳಿದಳು. “ಲೆಕ್ಕವಿಲ್ಲದಷ್ಟು ನೆಂಟರನ್ನು ಊಟಕ್ಕೆ ಕರೆದರು. ಊಟದಲ್ಲಿ ವಿಷವಿಲ್ಲ, ಯಾರೂ ಕತ್ತಿ ಹಿರಿಯಲಿಲ್ಲ. ಹೊಸ್ತಿಲು ದಾಟಿದ ಗಳಿಗೆಯಲ್ಲೇ ನೆಂಟರೆಲ್ಲ ಸತ್ತರು. ಮಾಡಿದ ಅಡುಗೆ ಮಾಡಿದಂತೆಯೇ ಸಿಹಿಯಾಗಿ ಉಳಿಯಿತು. ಕೊಂದದ್ದು ಏನು?”

“ಶನಿಯ ದೃಷ್ಟಿ” ಎಂದರು ಜೋಯಿಸರು. ಅವರನ್ನು ಸೆರೆಗೆ ಎಳೆದೊಯ್ದರು.

“ಹಗೆಗಳ ಮಾಟ!” ಎಂದು ದಳವಾಯಿ ಗುಡುಗಿದ. ಅವನನ್ನೂ ಎಳೆದೊಯ್ದರು.

ಮೂರನೆಯವನು ಉಗ್ರಾಣದ ಪಾರುಪತ್ತೆಗಾರ ಚೆಲುವಯ್ಯ. ಅರಸ ಹೆಂಡ ಹಾಕುವಾಗ ಪಕ್ಕದಲ್ಲೇ ನಿಂತಿದ್ದವನು. ಅವನಿಗೆ ಉತ್ತರ ಗೊತ್ತಿತ್ತು. ಬಾಯಿ ತೆರೆದ. ಅರಸ ಅವನನ್ನೇ ದಿಟ್ಟಿಸಿದ. ಚೆಲುವಯ್ಯ ಬೆವರು ಒರೆಸಿಕೊಂಡು, “ಗಡಿಗೆ, ಅವ್ವಾ, ಗಡಿಗೆಯೇ ಕೊಂದದ್ದು” ಎಂದ.

“ನೀನೂ ಒಳಗೆ ನಡಿ” ಎಂದಳು ರಾಣಿ.

ಜವರಿಗೆ ಮೈಯೆಲ್ಲ ಉರಿಯಿತು. “ಥೂ! ಕಣ್ಣಾರೆ ಕಂಡವನೂ ಹಿಂಗಂತಾನಲ್ಲ! ನೆಂಟರು ಅಂದ್ರೆ ಹೆಪ್ಪು ಕಣವ್ವಾ. ಹೆಪ್ಪಿಗೆ ಜೀವ ಇರ್ತದೆ. ಗಂಜಿ ಆರಿ, ಬೆರಳು ಇಟ್ಟರೆ ಬೆಚ್ಚಗೆ ಅನ್ನಿಸಿದ ಮೇಲೆ ಹೆಪ್ಪು ಬೆರೆಸಬೇಕು. ಮೊದಲನೇ ಸಲ ಕುದಿಯೋ ಗಂಜಿಗೇ ಸುರಿದವ್ರೆ. ಬೆಂದು ಸತ್ತವೆ. ಹುದುಗೋದು ಎಲ್ಲಿಂದ? ಕೊಂದದ್ದು ಬಿಸಿ. ಬಿಸಿ ಆರೋಕೆ ಬಿಡದ ಅವಸರ.”

“ಸರಿ” ಎಂದಳು ರಾಣಿ. “ಎರಡನೆಯದು. ಕೈಯಿಲ್ಲ, ಕಾಲಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಆದರೂ ಅವನು ಸೆರೆಯಾಳು. ಬಾಗಿಲು ಓರೆ ಇದ್ದರೆ ಸುಮ್ಮನೆ ಹೊರಗೆ ಹೋಗುತ್ತಾನೆ, ಯಾರಿಗೂ ತೊಂದರೆಯಿಲ್ಲ. ಬಾಗಿಲು ಭದ್ರ ಮಾಡಿದಷ್ಟೂ ಬಲಿಯುತ್ತಾನೆ. ಕೊನೆಗೆ ಗೋಡೆಯನ್ನೇ ಒಡೆಯುತ್ತಾನೆ. ಯಾರು?”

“ಹೆಂಡದ ಉಸಿರು. ಹುದುಗುವಾಗ ಗುಳುಗುಳು ಅಂತ ಏಳ್ತದಲ್ಲ, ಅದು. ಬಾಯಿಗೆ ಬಟ್ಟೆ ಕಟ್ಟಿದ್ರೆ ಸಾಕಿತ್ತು. ಎರಡನೇ ಸಲ, ಅರಮನೆ ಹೆಂಡ ಯಾರೂ ಕದೀಬಾರದು ಅಂತ ಮುಚ್ಚಳ ಇಟ್ಟು, ಜೇಡಿಮಣ್ಣು ಮೆತ್ತಿ, ಮೇಲೆ ಮುದ್ರೆ ಒತ್ತಿಸಿದ್ರು. ಸಿಡೀದೆ ಇನ್ನೇನಾಗ್ತದೆ? ಗಡಿಗೆ ತಾಳೋವಷ್ಟು ತಾಳಿತು. ನಮ್ಮಪ್ಪನ ಗಡಿಗೆ ಆದ್ದಕ್ಕೆ ಎರಡು ದಿನ ತಾಳಿತು.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅರಸನ ಮುಖ ಕಪ್ಪಿಟ್ಟಿತು. “ಏ ಹುಡುಗಿ, ಮಾತು ಹಿಡಿತದಲ್ಲಿರಲಿ!”

“ಸುಮ್ಮನಿರು ಮಗನೇ, ಇನ್ನೊಂದಿದೆ” ಎಂದಳು ರಾಣಿ. “ಒಬ್ಬ ಕಳ್ಳ. ಹಾಡಹಗಲೇ ಬರುತ್ತಾನೆ. ಕಾವಲಿನವರೇ ಕೈಮುಗಿದು ದಾರಿ ಬಿಡುತ್ತಾರೆ. ಅವನು ಒಯ್ಯುವುದು ಒಂದು ಹನಿ, ಬಿಟ್ಟುಹೋಗುವುದು ಒಂದು ಚೂರು ಕೊಳೆ. ದಿನವೂ ಬರುತ್ತಾನೆ. ಮನೆಯೆಲ್ಲ ಕೆಡುತ್ತದೆ. ಯಾರವನು?”

ಈ ಉತ್ತರವೂ ಜವರಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಅಪ್ಪನ ಜೊತೆ ತನ್ನ ತಲೆಯೂ ಹೋಗಬಹುದು. ಹೇಳದಿದ್ದರೆ ಹೋಗುವುದು ಖಂಡಿತ. ಅರಸನ ಕೈ ಕತ್ತಿಯ ಹಿಡಿಯ ಮೇಲಿತ್ತು. ಐದು ಬೆರಳಿಗೂ ಉಂಗುರ. ಉಂಗುರದ ಸಂದುಗಳಲ್ಲಿ ರಾಗಿ ಗಂಜಿ ಒಣಗಿ ಕರ್ರಗೆ ಅಂಟಿತ್ತು.

“ಆ ಕೈ” ಎಂದಳು ಜವರಿ. ಬೆರಳು ಚಾಚಿಯೇ ತೋರಿಸಿದಳು. “ಮೂರನೇ ಸಲ, ಆಗ್ಯದಾ ಇಲ್ವಾ ಅಂತ ದಿನಾ ಮುಚ್ಚಳ ತೆಗೆದು, ತೊಳೀದ ಬೆರಳು ಅದ್ದಿ ನೆಕ್ಕಿ ನೋಡಿದ ಕೈ. ಅದರಿಂದಲೇ ಹೆಂಡ ಕೆಟ್ಟು ಹುಳಿಗಂಜಿಯಂಗೆ ಆಗ್ಯದೆ. ಅಲ್ಲಾ ಒಡೆಯಾ, ಮೊದಲ ಸಲ ಮಾಡಿದವರೆಲ್ಲ ಕೆಡಿಸ್ತಾರೆ. ನಾನೂ ಕೆಡಿಸಿವ್ನಿ. ನಮ್ಮವ್ವ ಬೆನ್ನಿಗೊಂದು ಗುದ್ದಿ ಮತ್ತೆ ಮಾಡಿಸಿದಳು. ಅದಕ್ಕೆ ನಾನು ಯಾರ ತಲೇನೂ ಕೇಳಲಿಲ್ಲ!”

ಕತ್ತಿ ಅರ್ಧ ಒರೆಯಿಂದ ಹೊರಗೆ ಬಂತು.

“ಮೂರೂ ಸರಿ” ಎಂದು ರಾಣಿ ಎದ್ದು ನಿಂತಳು. “ಮೂರು ತಿಂಗಳಿಂದ ನಾನು ಇದನ್ನೇ ಇವನಿಗೆ ಹೇಳುತ್ತಿದ್ದೇನೆ. ಮುದುಕಿಯ ಗೊಣಗಾಟ ಅಂದ. ಈಗ ಊರ ಮುಂದೆ ಕೇಳಿದ. ಆ ಕತ್ತಿ ಪೂರ್ತಿ ಹೊರಗೆ ಬಂದರೆ ಡಂಗುರದ ಮಾತಿಗೆ ಬೆಲೆಯಿಲ್ಲ, ಅದನ್ನು ಸಾರಿಸಿದವನಿಗೂ ಇಲ್ಲ. ಏನು ಬೇಕಮ್ಮಾ, ಕೇಳು.”

“ನಮ್ಮಪ್ಪ ಬೇಕು. ಒಳಗೆ ಹಾಕಿದ ಆ ಮೂವರನ್ನೂ ಬಿಡಿ, ಹೆದರಿದ್ದು ಬಿಟ್ಟರೆ ಅವರದ್ದೇನೂ ತಪ್ಪಿಲ್ಲ. ಅರಸರು ಇನ್ನೊಂದು ಸಲ ಹೆಂಡ ಹಾಕಲಿ. ನಾನು ಹೇಳಿದಂಗೆ.”

ಅರಸ ಸುತ್ತ ನೋಡಿದ. ಸಭೆಯಲ್ಲಿ ಒಬ್ಬನೂ ತಲೆ ತಗ್ಗಿಸಿರಲಿಲ್ಲ. ಕತ್ತಿ ಒರೆಗೆ ಇಳಿಯಿತು.

ಮರುದಿನ ಉದ್ದಂಡರಾಯ ಉಂಗುರ ಬಿಚ್ಚಿಟ್ಟು, ಬೂದಿ ಹಾಕಿ ಗಡಿಗೆ ತಿಕ್ಕಿದ. ಜವರಿ ಮೂಸಿ ನೋಡಿ “ಇನ್ನೊಂದು ಸಲ” ಎಂದಳು. ಮತ್ತೆ ತಿಕ್ಕಿದ. ಗಂಜಿ ಆರುವ ತನಕ ಕಾದ. ಹೆಪ್ಪು ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ, ಏಳು ದಿನ ಅತ್ತ ಸುಳಿಯಲಿಲ್ಲ.

ಎಂಟನೆಯ ದಿನ ಜನ ಸೇರಿದರು. ಮೊದಲ ಕುಡಿಕೆಯನ್ನು ಅರಸ ಸಣ್ಣಯ್ಯನಿಗೆ ಕೊಟ್ಟ. ಬೇಡಿ ಬಿಗಿದು ಬಾತಿದ್ದ ಕೈಗಳಲ್ಲಿ ಸಣ್ಣಯ್ಯ ಅದನ್ನು ಹಿಡಿದು, ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿದ.

“ಹೆಂಡ ಆಗ್ಯದೆ, ಬುದ್ಧಿ. ಆದ್ರೆ ನೀರು ಜಾಸ್ತಿ.”

ಅರಸ ಗಡಿಗೆಯನ್ನು ನೋಡಿದ, ಜವರಿಯನ್ನು ನೋಡಿದ, ತನ್ನ ಬರಿಗೈಯನ್ನು ನೋಡಿಕೊಂಡ.

“ನೀರು ಹಾಕಿದ್ದು ನಾನು” ಎಂದ.

ಆ ಮೇಲೆ ಜನ ಕುಡಿಕೆ ಚಾಚಿದರು.