ಎಡಕ್ಕೆ ಎಳೆಯುವ ಲಾರಿ

ಮಾಲೂರಿನ ಕಡೆ ಇಟ್ಟಿಗೆ ಗೂಡಿನಿಂದ ಇಟ್ಟಿಗೆ ಸಾಗಿಸುವ ಚಲಪತಿ ಎಂಬವನೊಬ್ಬನಿದ್ದ. ಹನ್ನೊಂದು ವರ್ಷ ಬೇರೆಯವರ ಲಾರಿ ಓಡಿಸಿ, ಕೊನೆಗೆ ಸ್ವಂತದ್ದೊಂದು ಹೊಸ ಲಾರಿ ತಂದಿದ್ದ. ಮಾಲೀಕನೂ ಅವನೇ, ಡ್ರೈವರೂ ಅವನೇ. ಲಾರಿ ತಂದು ಒಂಬತ್ತು ತಿಂಗಳಾಗಿದ್ದರೂ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವನು ಕಿತ್ತಿರಲಿಲ್ಲ. ಬಿಸಿಲಿಗೆ ಅದು ಬೆನ್ನಿಗಂಟಿದರೂ ಸಹಿಸಿಕೊಳ್ಳುತ್ತಿದ್ದ. ಹೊಸದರ ಮೇಲೆ ಅಷ್ಟು ಪ್ರೀತಿ.

ಅಂಥ ಲಾರಿ ಇದ್ದಕ್ಕಿದ್ದಂತೆ ಎಡಕ್ಕೆ ಎಳೆಯತೊಡಗಿತು. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದರೂ ಲೋಡಾದ ಲಾರಿ ರಸ್ತೆಯ ಅಂಚಿಗೇ ಸರಿಯುತ್ತಿತ್ತು. ದಾರಿಯಲ್ಲಿ ಒಂದು ಕೆರೆ ಏರಿ. ಅದರ ಮೇಲೆ ರಸ್ತೆ ಬಲಕ್ಕೆ ತಿರುಗುತ್ತದೆ, ಎಡಗಡೆ ನೀರು. ಅಲ್ಲಿ ಲಾರಿ ನೀರಿನ ಕಡೆಗೆ ವಾಲಿದಾಗಲೆಲ್ಲ ಚಲಪತಿ ಸ್ಟಿಯರಿಂಗನ್ನು ಬಲಕ್ಕೆ ಎಳೆದು ಹಿಡಿಯುತ್ತಿದ್ದ. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಹೆದರಿಕೆ ಆಗದೆ ಇರುತ್ತದೆಯೇ?

ಗಾಡಿ ಕೊಂಡ ಕಡೆಯೇ ಎರಡು ಸಲ ಚಕ್ರ ನೋಡಿಸಿದ. ಏನೂ ಸಿಗಲಿಲ್ಲ. ಕೊನೆಗೆ ಬೇರೊಂದು ಶೋರೂಮಿನಲ್ಲಿ, ಹಳೆಯ ಗಾಡಿ ಕೊಟ್ಟು ಹೊಸದು ಒಯ್ಯುವ ಮೇಳ ನಡೆದಿದೆ ಎಂದು ಕೇಳಿ ಅಲ್ಲಿಗೆ ಹೋದ. ಹೊಸ ಲಾರಿಯೇ ಎಡಕ್ಕೆ ಎಳೆಯುತ್ತದೆ ಎಂದರೆ ಅಲ್ಲಿನ ಮಾರಾಟದವನಿಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೇನು ಬೇಕು?

"ಕೆಲವು ಗಾಡಿ ಹಂಗೇ ಸಾರ್, ಹುಟ್ಟುಗುಣ. ನಮ್ದು ತಗೊಳ್ಳಿ, ಬೆಣ್ಣೆ ಥರ ಹೋಗುತ್ತೆ. ಶನಿವಾರ ಕೊನೇ ದಿನ," ಎಂದ.

ಚಲಪತಿ ಶನಿವಾರ ಬರುತ್ತೇನೆಂದು ಹೆಸರು ಬರೆಸಿ ಬಂದ. ಹೆಂಡತಿ ಸುಗುಣಳ ಮುಖ ಬಾಡಿತು.

"ಪೂಜೆ ಮಾಡಿ ಕುಂಬಳಕಾಯಿ ಒಡೆದಿದ್ದು ಮೊನ್ನೆ ಮೊನ್ನೆ ಇದ್ದಂಗೈತೆ. ಇನ್ನೊಂದು ತಂದ್ರೆ ಸಾಲನೂ ಇನ್ನೊಂದು ಸುತ್ತು ಬೆಳೀತದೆ. ಅದೂ ಎಳೆದ್ರೆ ಏನ್ ಮಾಡ್ತೀರ?"

"ಪ್ರಾಣಕ್ಕಿಂತ ದೊಡ್ಡದೇನಮ್ಮ?" ಎಂದ ಚಲಪತಿ.

ಲಾರಿಯನ್ನು ಕೊಡುವ ಮೊದಲು ಅದರ ನಟ್ಟು ಬೋಲ್ಟು ಬಿಗಿಸೋಣವೆಂದು ಅವನು ಬಾಬಾಜಾನ್ ಮೇಸ್ತ್ರಿಯ ಗ್ಯಾರೇಜಿಗೆ ಹೋದ. ಮೇಸ್ತ್ರಿಗೆ ಎಪ್ಪತ್ತು ದಾಟಿತ್ತು. ಮಾತು ಕಡಿಮೆ, ಬೈಗುಳ ಜಾಸ್ತಿ. ಆತ ಲಾರಿಯನ್ನು ತಾನೇ ಹತ್ತಿ, ಪಕ್ಕದ ಮೈದಾನದ ಸುತ್ತ ಎರಡು ಸುತ್ತು ಓಡಿಸಿ ಬಂದ.

"ಏನಯ್ಯಾ, ನೆಟ್ಟಗೇ ಹೋಗ್ತೈತಲ್ಲ?"

"ಲೋಡಾದಾಗ ಎಳೀತೈತೆ ಮೇಸ್ತ್ರಿ."

"ಖಾಲಿ ಇದ್ದಾಗ?"

ಚಲಪತಿ ತಲೆ ಕೆರೆದುಕೊಂಡ. ಖಾಲಿ ಬರುವಾಗ ಲಾರಿ ಹೇಗೆ ಬರುತ್ತದೆಂದು ಅವನು ಒಂದು ದಿನವೂ ಗಮನಿಸಿರಲಿಲ್ಲ. ನಾವೂ ಹಾಗೆಯೇ ಅಲ್ಲವೇ? ಒಬ್ಬರನ್ನು ಬೈಯಲು ಶುರುಮಾಡಿದ ಮೇಲೆ ಅವರು ಸರಿಯಾಗಿ ನಡೆದುಕೊಂಡ ಹೊತ್ತು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

"ಲೋಡು ಕಟ್ಟೋವಾಗ ಮೇಲೆ ಹತ್ತಿ ನೋಡಿದ್ದೀಯ?" ಎಂದು ಕೇಳಿದ ಮೇಸ್ತ್ರಿ.

"ಛೆ ಛೆ, ಅದ್ಹೆಂಗೆ ಹತ್ತಲಿ?"

ಅವನು ಹಾಗೆಂದುದಕ್ಕೆ ಕಾರಣವಿತ್ತು. ಆ ಗೂಡಿನಲ್ಲಿ ಲಾರಿಯ ಮೇಲೆ ನಿಂತು ಇಟ್ಟಿಗೆ ಜೋಡಿಸುತ್ತಿದ್ದವಳು ಪಿಳ್ಳಮ್ಮ. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ. ಕೆಳಗಿನಿಂದ ಹೆಂಗಸರು ಇಟ್ಟಿಗೆ ಕೊಡುತ್ತಾರೆ, ಅವಳು ಸಾಲು ಕಟ್ಟುತ್ತಾಳೆ, ಎಣಿಕೆಯೂ ಅವಳದೇ. ಅವಳು ಎರಡು ಸಾವಿರ ಎಂದರೆ ಎರಡು ಸಾವಿರ. ಅವಳು ಕೆಳಗಿಳಿಯುವ ತನಕ ಲಾರಿಯವರು ಮೇಲೆ ಹತ್ತಬಾರದು, ಹತ್ತಿದರೆ ಅವಳ ಎಣಿಕೆಯನ್ನು ಅನುಮಾನಿಸಿದಂತೆ ಎಂಬುದು ಅಲ್ಲಿನ ವಾಡಿಕೆ. ಹಾಗಾಗಿ ಡ್ರೈವರುಗಳು ದೂರದ ಹುಣಸೆಮರದಡಿ ಟೀ ಕುಡಿಯುತ್ತ ಕೂರುತ್ತಿದ್ದರು. ಅವಳು ಇಳಿದ ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿದರೆ ಒಳಗಿನದು ಯಾರಿಗೂ ಕಾಣುತ್ತಿರಲಿಲ್ಲ. ವಾಡಿಕೆ ಮರ್ಯಾದೆಯದೇ. ಆದರೆ ಆ ಮರ್ಯಾದೆಯ ಮರೆಯಲ್ಲಿ ಏನಾಗುತ್ತಿದೆ ಎಂದು ಯಾರೂ ನೋಡಿರಲಿಲ್ಲ.

"ಒಂಬತ್ತು ತಿಂಗಳ ಲಾರಿ ಕೊಡೋಕೆ ನಾಚಿಕೆ ಇಲ್ಲ, ಮೇಲೆ ಹತ್ತಿ ನೋಡೋಕೆ ನಾಚಿಕೆ! ಹೋಗಯ್ಯಾ," ಎಂದು ಮೇಸ್ತ್ರಿ ಕೈಯೊರೆಸಿಕೊಂಡು ಒಳಗೆ ಹೋದ.

ಮಾರನೆಯ ದಿನ ಶುಕ್ರವಾರ. ಲೋಡು ಅರ್ಧಕ್ಕೆ ಬಂದಾಗ ಚಲಪತಿ ಟೀ ಲೋಟ ಕೆಳಗಿಟ್ಟು ಎದ್ದ. ಲಾರಿಯ ಹತ್ತಿರ ಬಂದಾಗ ಒಂದು ವಿಷಯ ಕಂಡಿತು. ಮೊದಲೆಲ್ಲ ಕೆಳಗಿನವರು ಇಟ್ಟಿಗೆ ಎಸೆಯುತ್ತಿದ್ದರು, ಪಿಳ್ಳಮ್ಮ ಗಾಳಿಯಲ್ಲೇ ಹಿಡಿಯುತ್ತಿದ್ದಳು. ಈಗ ಒಬ್ಬಳು ಹಲಗೆಯ ಮೇಲೆ ನಿಂತು ಇಟ್ಟಿಗೆಯನ್ನು ಅವಳ ಕೈಗೇ ಕೊಡುತ್ತಿದ್ದಳು. ಚಲಪತಿ ಟೈರಿನ ಮೇಲೆ ಕಾಲಿಟ್ಟು ಮೇಲೆ ಹತ್ತಿದ.

ಕೆಳಗಿನ ಹೆಂಗಸರ ಮಾತು ನಿಂತಿತು. ಪಿಳ್ಳಮ್ಮ ಕೈಯಲ್ಲಿದ್ದ ಇಟ್ಟಿಗೆಯನ್ನು ಕೆಳಗಿಟ್ಟಳು.

"ಎಣಿಸೋಕೆ ಬಂದ್ಯೇನಪ್ಪ ಚಲಪತಿ? ಇಪ್ಪತ್ತೈದು ವರ್ಷದಾಗೆ ನನ್ನ ಲೋಡು ಯಾರೂ ಎಣಿಸಿಲ್ಲ," ಎಂದಳು.

"ಎಣಿಸೋಕಲ್ಲ ಅಕ್ಕ. ನಿನ್ನ ಎಣಿಕೆ ಮ್ಯಾಲೆ ನಂಗೆ ಅನುಮಾನ ಇಲ್ಲ."

ಅವನು ಕುಕ್ಕರಗಾಲಲ್ಲಿ ಕೂತು ಸಾಲುಗಳ ಮೇಲೆ ಕೈಯಾಡಿಸಿದ. ಎಡಗಡೆ ಇಟ್ಟಿಗೆಗಳು ಒಂದಕ್ಕೊಂದು ಒತ್ತಿ ಕೂತಿದ್ದವು, ಸೂಜಿಯೂ ತೂರದು. ಬಲಗಡೆ ಅವನ ಬೆರಳು ಸಲೀಸಾಗಿ ಒಳಗೆ ಹೋಯಿತು. ಇಟ್ಟಿಗೆ ಇಟ್ಟಿಗೆಗೂ ನಡುವೆ ಅಷ್ಟಗಲ ಸಂದು. ಬಲಕ್ಕೆ ಹಿಡಿಸದ ಇಟ್ಟಿಗೆಗಳೆಲ್ಲ ಎಡಕ್ಕೆ ಸೇರಿದ್ದವು. ಎಣಿಕೆ ಎಷ್ಟೇ ಸರಿಯಿದ್ದರೂ ಭಾರ ಎಡಕ್ಕೇ ಬಿದ್ದಿತ್ತು.

"ಅಕ್ಕ, ಈ ಕಡೆ ಸಂದು ಕಾಣಲ್ವಾ?"

ಪಿಳ್ಳಮ್ಮ ಸೆರಗಿನಿಂದ ಬಲಗಣ್ಣನ್ನು ಒರೆಸಿಕೊಂಡಳು.

"ಇಲ್ಲ ಕಣಪ್ಪ. ಈ ಕಣ್ಣು ಯುಗಾದಿಯಿಂದ ಮಂಜು ಮಂಜು. ಪೊರೆ ಬಂದೈತೇನೋ. ಈ ಕಡೆದು ಕೈಯಲ್ಲಿ ತಡವಿ ತಡವಿ ಇಡ್ತೀನಿ."

ಚಲಪತಿಗೆ ಸಿಟ್ಟು ಬಂತು. "ಹೇಳೋದಲ್ವಾ ಅಕ್ಕ! ಕೆರೆಗೆ ಬಿದ್ದಿದ್ರೆ ನನ್ನ ಮಕ್ಕಳ ಗತಿ ಏನು? ನಾಳೆ ನಾನು ಲಾರೀನೇ ಕೊಟ್ಬಿಡ್ತಿದ್ದೆ, ಗೊತ್ತಾ?" ಎಂದು ಕೂಗಿದ. ಅವನ ಸಿಟ್ಟು ನ್ಯಾಯವಾದದ್ದೇ. ಬೇರೆ ಯಾರಾಗಿದ್ದರೂ ಕೂಗುತ್ತಿದ್ದರು.

"ಲಾರಿ ಎಳೀತೈತೆ ಅಂತ ನಂಗೇನು ಗೊತ್ತಪ್ಪ? ನೀವು ಯಾರೂ ನನ್ನತ್ರ ಅಂದಿಲ್ಲ," ಎಂದಳು ಪಿಳ್ಳಮ್ಮ. "ಕಣ್ಣಿಂದು ಮುಚ್ಚಿಟ್ಟಿದ್ದು ನನ್ನ ತಪ್ಪೇ. ಹೇಳಿದ್ರೆ ಗೂಡಿನ ಓನರು ಕಣ್ಣು ಕಾಣೋರನ್ನ ತಂದು ನಿಲ್ಲಿಸ್ತಾರೆ. ಈ ಕೆಲಸ ಬಿಟ್ರೆ ನಂಗಿನ್ನೇನು ಬರ್ತದೆ, ಹೇಳು."

ಕೆಳಗೆ ನಿಂತಿದ್ದ ಹೆಂಗಸರು ತಲೆ ತಗ್ಗಿಸಿದರು. ಅವರಿಗೆಲ್ಲ ಗೊತ್ತಿತ್ತು. ಅವಳಿಗೆ ಕೆಲಸ ತಪ್ಪದಿರಲೆಂದೇ ಎಸೆಯುವುದನ್ನು ಬಿಟ್ಟು ಕೈಗೆ ಕೊಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ, ಆದರೆ ಅದರಿಂದ ಇನ್ನೊಬ್ಬನ ಪ್ರಾಣಕ್ಕೆ ಏನಾಗಬಹುದೆಂದು ಅವರಿಗೂ ಹೊಳೆದಿರಲಿಲ್ಲ.

ಚಲಪತಿ ಹಾಗೇ ಕೂತುಬಿಟ್ಟ. ಈಗ ಅವನಿಗೆ ದಾರಿ ಸುಲಭವಿತ್ತು. ಓನರಿಗೆ ಒಂದು ಮಾತು ಹೇಳಿದರೆ ಸಾಕು, ನಾಳೆಯಿಂದ ಬೇರೊಬ್ಬಳು ಬಂದು ನಿಲ್ಲುತ್ತಾಳೆ, ಲಾರಿ ನೆಟ್ಟಗೆ ಹೋಗುತ್ತದೆ. ಆದರೆ ಅವನು ಒಂದು ತಿಂಗಳಿಂದ ಬೈದು ಬೈದು, ಇದು ಕೆಟ್ಟದ್ದು, ಕೊಟ್ಟು ಬೇರೆ ತರೋಣ ಎಂದು ತೀರ್ಮಾನಿಸಿದ್ದು ಯಾವುದನ್ನು? ಏನೂ ಕೆಡದ ಲಾರಿಯನ್ನು. ಒಂದು ಸಲ ಮೇಲೆ ಹತ್ತಿ ನೋಡದೆ ಮಾಡಿದ ತೀರ್ಮಾನ ಅದು. ಈಗ ಈ ಹೆಂಗಸಿನ ವಿಷಯದಲ್ಲೂ ಅದನ್ನೇ ಮಾಡಲೇ ಎಂದು ಅವನ ಮನಸ್ಸು ಚುಚ್ಚಿತು.

ಅವನು ಎದ್ದು ಬಲಗಡೆಯ ಸಾಲುಗಳನ್ನು ಬಿಚ್ಚತೊಡಗಿದ. "ನೀನು ಎಡಗಡೆ ಕಟ್ಟು, ನಾನು ಬಲಗಡೆ ಕಟ್ತೀನಿ," ಎಂದ. ಲೋಡು ಕಟ್ಟುವುದು ಎಷ್ಟು ಕಷ್ಟವೆಂದು ಅವನಿಗೆ ಅವತ್ತೇ ಗೊತ್ತಾದದ್ದು. ಸೊಂಟ ಹಿಡಿದುಕೊಂಡಿತು. ಕೆಳಗಿನ ಹೆಂಗಸರು ನಕ್ಕರು, ಪಿಳ್ಳಮ್ಮನೂ ನಕ್ಕಳು. ಆ ದಿನ ಕೆರೆ ಏರಿಯ ತಿರುವಿನಲ್ಲಿ ಲಾರಿ ಒಂದಿಷ್ಟೂ ವಾಲಲಿಲ್ಲ. ಚಲಪತಿ ಸ್ಟಿಯರಿಂಗನ್ನು ಮೆಲ್ಲಗೆ ಸವರಿ, "ತಪ್ಪಾಯ್ತು ಕಣೆ," ಎಂದ. ಲಾರಿಗೆ ಹೇಳಿದ್ದು, ಯಾರೂ ಕೇಳಲಿಲ್ಲ ಬಿಡಿ.

ಶನಿವಾರ ಹತ್ತು ಗಂಟೆಗೆ ಶೋರೂಮಿನವನು ಫೋನು ಮಾಡಿದ. "ಸಾರ್, ಗಾಡಿ ತಂದ್ರಾ? ಇವತ್ತು ಬಿಟ್ರೆ ಆಫರ್ ಇಲ್ಲ."

"ಬರೋಕಾಗಲ್ಲಪ್ಪ," ಎಂದ ಚಲಪತಿ. "ಗಾಡಿಯಲ್ಲಿ ನಮ್ಮಕ್ಕ ಕೂತವ್ರೆ. ಕಣ್ಣಾಸ್ಪತ್ರೆಗೆ ಹೊರಟಿದ್ದೀವಿ."

ಪೊರೆ ತೆಗೆಯುವುದು ದೊಡ್ಡ ಕೆಲಸವಾಗಲಿಲ್ಲ. ಚಲಪತಿಯೇ ಓನರಿನ ಬಳಿ ಹೋಗಿ, ಏನನ್ನೂ ಮುಚ್ಚಿಡದೆ ಹೇಳಿ, ಕಣ್ಣು ವಾಸಿಯಾಗುವವರೆಗೆ ಅವಳ ಜಾಗ ಅವಳಿಗೇ ಇರಲಿ ಎಂದು ಕೇಳಿಕೊಂಡ. ತಮ್ಮ ಗಾಡಿ ಎಳೆದಾಗ ಅದು ಹಳೆಯದಾಯಿತೆಂದುಕೊಂಡಿದ್ದ ಉಳಿದ ಲಾರಿಯವರೂ ಅವನ ಜೊತೆ ಬಂದು ನಿಂತರು. ಓನರು ಗೊಣಗಿ ಗೊಣಗಿ ಕೊನೆಗೆ ಹೂಂ ಎಂದ.

ಆಸ್ಪತ್ರೆಯಿಂದ ಊರಿಗೆ ವಾಪಸು ಬರುವ ದಿನ ಪಿಳ್ಳಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಲಾರಿಯ ಮುಂದಿನ ಸೀಟಿನಲ್ಲಿ ಕೂತಿದ್ದಳು. ಇಪ್ಪತ್ತೈದು ವರ್ಷ ಲಾರಿಗಳನ್ನು ತುಂಬಿಸಿದವಳು ಲಾರಿಯ ಒಳಗೆ ಕೂತದ್ದು ಆ ವಾರವೇ ಮೊದಲು. ಸ್ವಲ್ಪ ದೂರ ಬಂದ ಮೇಲೆ ಅಳುಕುತ್ತ ಕೇಳಿದಳು:

"ಈಗ ಹೆಂಗಪ್ಪ, ನೆಟ್ಟಗೆ ಹೋಗ್ತೈತಾ?"

"ಇದು ಯಾವಾಗ್ಲೂ ನೆಟ್ಟಗೇ ಹೋಗ್ತಿತ್ತಕ್ಕ," ಎಂದ ಚಲಪತಿ. "ಏನಾಗೈತೆ ಅಂತ ಇದನ್ನೂ ನಾನು ನೋಡ್ಲಿಲ್ಲ, ನಿನ್ನನ್ನೂ ಯಾರೂ ಕೇಳ್ಲಿಲ್ಲ."

ಪಿಳ್ಳಮ್ಮನ ಕನ್ನಡಕದ ಕೆಳಗೆ ಕಣ್ಣೀರು ಇಳಿಯಿತು. ಡಾಕ್ಟರು ಅಳಬಾರದೆಂದು ಹೇಳಿದ್ದಾರೆ ಎಂದು ಚಲಪತಿ ಅವಳನ್ನು ಗದರಿದ. ಗದರುವಾಗ ಅವನ ಕಣ್ಣೂ ಒದ್ದೆಯಾಗಿತ್ತು.

ನೀತಿ: ವಸ್ತುವಾಗಲಿ ಮನುಷ್ಯರಾಗಲಿ, ದಾರಿ ತಪ್ಪುತ್ತಿರುವಂತೆ ಕಂಡರೆ ತಕ್ಷಣ ಬದಲಾಯಿಸಲು ಹೊರಡಬೇಡಿ. ಅವರ ಮೇಲೆ ಬಿದ್ದಿರುವ ಭಾರ ಯಾವುದು, ಅದು ಯಾವ ಕಡೆ ಬಿದ್ದಿದೆ ಎಂದು ಮೊದಲು ಹತ್ತಿರ ಹೋಗಿ ನೋಡಿ. ಹೆಚ್ಚಿನ ಸಲ ಬದಲಾಯಿಸಬೇಕಾಗಿರುವುದು ಆ ಭಾರವನ್ನಷ್ಟೇ.