ಇನ್ನಾಸಪ್ಪನ ಹಸಿವು

ಮರಳಿಪಾಳ್ಯದಲ್ಲಿ ಬಸ್ಸಿಳಿದ ಹೊಸಬರು "ಇನ್ನಾಸಪ್ಪನ ಹಸಿವು ಎಲ್ಲಿದೆ?" ಎಂದು ಕೇಳಿದರೆ ಊರವರು ಕೈಯೆತ್ತಿ ಸಂತ ಅಂತೋಣಿಯವರ ಗುಡಿಯ ಕಡೆ ತೋರಿಸುತ್ತಾರೆ. ಹಸಿವಿಗೂ ವಿಳಾಸವಿರುವ ಊರು ಈ ಸೀಮೆಯಲ್ಲಿ ಇದೊಂದೇ. ಗುಡಿಯ ಹಿಂದೆ ಒಂದು ದಿಬ್ಬ. ದಿಬ್ಬದ ನೆತ್ತಿಯಲ್ಲಿ ಒಬ್ಬ ಆಳು ಇಳಿಯುವಷ್ಟೇ ಅಗಲದ ಬಾಯಿ, ಒಳಗೆ ಗುಡಾಣದಂತೆ ಉಬ್ಬಿದ ಹೊಟ್ಟೆ. ರಾಗಿ ತುಂಬಿಡುವ ನೆಲದೊಳಗಿನ ಕಣಜ, ಹಗೇವು ಅದು. ಮಳೆ ಬೀಳದಂತೆ ನಾಲ್ಕು ಕಂಬದ ಮೇಲೆ ಹೆಂಚು ಹೊದಿಸಿದ್ದಾರೆ.

ಹಿಂದೆ ಒಮ್ಮೆ, ಪಾದ್ರಿ ಸ್ವಾಮಿಗಳು ವರ್ಷಕ್ಕೊಂದು ಸಲ ಕುದುರೆಯೇರಿ ಬಂದು ಪೂಜೆ ಮಾಡಿ ಹೋಗುತ್ತಿದ್ದ ಕಾಲದಲ್ಲಿ, ಊರಿನ ಕ್ರೈಸ್ತ ಮನೆಗಳವರೆಲ್ಲ ಸೇರಿ ಒಂದು ಕಟ್ಟಳೆ ಮಾಡಿಕೊಂಡರಂತೆ. ಬೀಸುಕಲ್ಲಿಗೆ ಸುರಿಯುವ ಮುನ್ನ ಪ್ರತಿ ಮನೆಯವರೂ ಒಂದು ಹಿಡಿ ರಾಗಿ ಎತ್ತಿಡಬೇಕು, ಅದು ಹಗೇವು ಸೇರಬೇಕು, ಹಸಿದು ಬಂದವರು ಯಾರೇ ಆಗಲಿ ಅವರಿಗೆ ಸಲ್ಲಬೇಕು. ರಾಗಿ ದೇವರದು, ನಾವು ನೋಡಿಕೊಳ್ಳುವವರು ಮಾತ್ರ ಎಂದು ಸ್ವಾಮಿಗಳು ಹೇಳಿದ್ದರು. ಆ ನೋಡಿಕೊಳ್ಳುವ ಕೆಲಸ ಇನ್ನಾಸಪ್ಪನ ಪಾಲಿಗೆ ಬಂತು. ಪಂಚೆಗೆ ಒಂದು ಕಾಳು ಅಂಟಿಕೊಂಡರೂ ಅರ್ಧ ದಾರಿಯಿಂದ ವಾಪಸು ಹೋಗಿ ಉದುರಿಸಿ ಬರುವಂಥ ಪ್ರಾಮಾಣಿಕ ಅವನು. ಹಗೇವು ತುಂಬಿದ ದಿನ ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿ, ಮೇಲೆ ಚಾಪೆ ಹಾಸಿ ತಾನೇ ಕುಳಿತುಬಿಟ್ಟ. ಆಮೇಲೆ ಯಾರು ಬಂದರೂ ಅವರ ಹಸಿವು ಅವನಿಗೆ ಸಾಲುತ್ತಿರಲಿಲ್ಲ. ಒಬ್ಬ ನಿನ್ನೆ ಉಂಡಿದ್ದ, ಇನ್ನೊಬ್ಬನಿಗೆ ಉಳ್ಳವನಾದ ಭಾವಮೈದನಿದ್ದ. ಮೂರು ವರ್ಷ ಚಪ್ಪಡಿ ಅಲುಗಲಿಲ್ಲ. ದೇವರು ತನ್ನನ್ನು ಮೆಚ್ಚಿರಬೇಕೆಂದು ಇನ್ನಾಸಪ್ಪ ನೆಮ್ಮದಿಯಾಗಿದ್ದ ಎನ್ನುತ್ತಾರೆ.

ಒಂದು ಬೇಸಿಗೆಯಲ್ಲಿ ಹೊಳೆಯಾಚೆ ಬುಟ್ಟಿ ಹೆಣೆಯುವವರ ಗುಡಿಸಲುಗಳಿಗೆ ಬೆಂಕಿ ಬಿದ್ದು ಕಾಳುಕಡ್ಡಿಯೆಲ್ಲ ಬೂದಿಯಾಯಿತು. ಅವರ ಹಿರಿಯಳಾದ ನಂಜಕ್ಕ ಇಪ್ಪತ್ತು ಜನರನ್ನು ಕಟ್ಟಿಕೊಂಡು ದಿಬ್ಬಕ್ಕೆ ಬಂದಳು. "ಅಣ್ಣಾ, ಮಕ್ಕಳು ನಿನ್ನೆಯಿಂದ ಬರೀ ನೀರು ಕುಡಿದವೆ," ಎಂದಳು. ಇನ್ನಾಸಪ್ಪನ ಕಣ್ಣು ತುಂಬಿತು, ಕೈ ಮಾತ್ರ ಏಳಲಿಲ್ಲ. "ನಂದಾಗಿದ್ರೆ ಈಗಲೇ ಸುರೀತಿದ್ದೆ ಅಕ್ಕಾ. ಇದು ದೇವರದು. ಸ್ವಾಮಿಗಳು ಬರಲಿ, ಕೇಳಿ ಕೊಡ್ತೀನಿ," ಎಂದ. ಸ್ವಾಮಿಗಳು ಬರುವುದಕ್ಕೆ ಇನ್ನೂ ಎಂಟು ತಿಂಗಳಿತ್ತು. ಗಂಡನಿಗೆ ಮಜ್ಜಿಗೆ ತಂದಿದ್ದ ಮದಲೇನಮ್ಮ ಅಲ್ಲೇ ನಿಂತು ಇದನ್ನು ಕೇಳಿಸಿಕೊಂಡಳು. "ಬನ್ನಿ ನಂಜಕ್ಕ, ಅವರದೇ ಅಂತ ಮನೇಲಿ ಒಂದು ಮಣ್ಣಿನ ವಾಡೆ ತುಂಬ ರಾಗಿ ಇದೆ. ಮಾತಿಗೆ ತಪ್ಪೋರಲ್ಲ ನಮ್ಮ ಯಜಮಾನರು," ಎಂದು ಎಲ್ಲರನ್ನೂ ಕರೆದುಕೊಂಡು ನಡೆದೇಬಿಟ್ಟಳು. ಇಪ್ಪತ್ತು ಜನರ ಎದುರು ಆಡಿದ ಮಾತು. ಇನ್ನಾಸಪ್ಪ ಮಜ್ಜಿಗೆ ಕುಡಿದ.

ಐದನೆಯ ದಿನ ಅವನು ಊಟಕ್ಕೆ ಕುಳಿತಾಗ ತಟ್ಟೆ ಬರಿದಾಗಿತ್ತು.

"ಮುದ್ದೆ ಎಲ್ಲೇ?"

"ವಾಡೆ ತಳ ಕಂಡಿತು."

"ಹಂಗಾದ್ರೆ ನಾನು ಏನು ತಿನ್ನಲಿ?"

"ಹಸಿದೋರಿಗೆ ಅಂತ ಗುಡಿ ಹಿಂದೆ ಒಂದು ಹಗೇವು ಇದೆಯಂತಲ್ಲ. ಅದನ್ನ ಕಾಯೋನು ಮಾತ್ರ ಬಲು ಕಷ್ಟದ ಮನುಷ್ಯ ಅಂತಾರೆ. ಕಾಲಿಗೆ ಬಿದ್ದು ನೋಡಿ."

ಇನ್ನಾಸಪ್ಪ ದಿಬ್ಬ ಹತ್ತಿ ಚಪ್ಪಡಿಯ ಮೇಲೆ ಕುಳಿತ. ಹೊಟ್ಟೆ ಗುರ್ರೆಂದಿತು. ಪರರಿಗೆ ಕೇಳುತ್ತಿದ್ದುದನ್ನೇ ತನಗೂ ಕೇಳಿಕೊಂಡ. ನಿನ್ನೆ ಉಂಡಿದ್ದೆಯಾ? ಉಂಡಿದ್ದೆ. ಭಾವಮೈದ ಇದ್ದಾನಾ? ಇಬ್ಬರಿದ್ದಾರೆ. ತನ್ನ ನ್ಯಾಯದಲ್ಲಿ ತನಗೇ ಒಂದು ಕಾಳೂ ದಕ್ಕುವಂತಿರಲಿಲ್ಲ. ನಾಚಿಕೆಯೂ ನಗುವೂ ಒಟ್ಟಿಗೆ ಬಂದು, ಉಗುರಿನಿಂದಲೇ ಮಣ್ಣು ಕೆರೆಯತೊಡಗಿದ. ಅದನ್ನು ಕಂಡ ನಂಜಕ್ಕನ ಕಡೆಯವರು ಓಡಿಬಂದು ಚಪ್ಪಡಿಗೆ ಹೆಗಲು ಕೊಟ್ಟರು. ಒಳಗಿನ ಕೆಟ್ಟ ಗಾಳಿಗೆ, ಇಳಿಬಿಟ್ಟ ದೀಪ ಆರಿಹೋಯಿತು. ಗಾಳಿಯಾಡುವವರೆಗೆ ಇಳಿದವನು ಬದುಕಲಾರ. ಹೀಗಾಗಿ ಕಾಲಡಿಯಲ್ಲಿ ರಾಶಿ ರಾಗಿ ಇಟ್ಟುಕೊಂಡು, ಕಾಯುವವನೂ ಬೇಡಲು ಬಂದವರೂ ಒಂದೇ ಸಾಲಿನಲ್ಲಿ ಹಸಿದು ಕುಳಿತರು. "ಹೆಂಗಿದೆ ಅಣ್ಣಾ, ಎಂಟು ತಿಂಗಳು ತಡಕೊಳ್ತೀಯಾ?" ಎಂದಳು ನಂಜಕ್ಕ. ಎಲ್ಲರೂ ನಕ್ಕರು, ಇನ್ನಾಸಪ್ಪನೂ ನಕ್ಕ.

ಮರುದಿನ ಬೆಳಗ್ಗೆ ದೀಪ ಉರಿಯಿತು, ಅವನು ಇಳಿದ. ಗೋಡೆಯ ಪಕ್ಕದ ರಾಗಿಯೆಲ್ಲ ತೇವ ಹತ್ತಿ ಕಪ್ಪು ಹೆಂಟೆಯಾಗಿತ್ತು. ಕದಿಯದೆ, ತಿನ್ನದೆ, ಬರೀ ಕಾದೇ ದೇವರ ರಾಗಿಯನ್ನು ಕೆಡಿಸಿದ್ದ. ನಡುವಿನದು ಚೆನ್ನಾಗಿತ್ತು. ಬೆಂಕಿ ಬಿದ್ದ ಕೇರಿಯವರು ಹೊಸದಾಗಿ ಹೆಣೆದ ಬುಟ್ಟಿಗಳನ್ನು ಇಳಿಬಿಟ್ಟರು, ಅವನು ತುಂಬಿ ಕಳಿಸುತ್ತ ಹೋದ. ಸುದ್ದಿ ಹಬ್ಬಿ ಸುತ್ತಲ ಊರುಗಳ ಬಡವರೂ ಬಂದರು. ಮುದ್ದೆ ಬೆಂದಿದೆ, ಮೇಲೆ ಬನ್ನಿ ಎಂದು ಮದಲೇನಮ್ಮ ಕೂಗಿದರೆ, "ತಳ ಕಾಣೋವರೆಗೆ ಬೇಡ ಕಣೇ!" ಎಂದು ಒಳಗಿನಿಂದ ಉತ್ತರ ಬಂತಂತೆ. ತಳ ಕಂಡದ್ದು ಸಂಜೆಗೆ. ಅಂದು ಅವನು ಉಂಡ ಮುದ್ದೆಗಳು ಐದು ಎಂದು ಕೆಲವರು, ಏಳು ಎಂದು ಅವನ ವಂಶದವರು ಹೇಳುತ್ತಾರೆ.

ಈಗಲೂ ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಹಿಂದಿನ ವಾರ ಹಗೇವನ್ನು ಪೂರಾ ಬರಿದು ಮಾಡುತ್ತಾರೆ. ಆ ವರ್ಷ ಅದನ್ನು ನೋಡಿಕೊಂಡವನೇ ಒಳಗಿಳಿದು ಬುಟ್ಟಿ ತುಂಬಬೇಕು, ತಳ ಕಾಣುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಯಾವ ಜಾತಿಯವರು ಬಂದರೂ ಸಾಲಿನಲ್ಲಿ ಜಾಗವಿದೆ. ಸಾಲಿನ ಕೊನೆಯಲ್ಲಿ ನಿಲ್ಲುವ ತುಂಟರು ರಾಗಿ ಕಟ್ಟಿಕೊಳ್ಳಲು ತಂದ ಟವೆಲನ್ನು ಬೇಕೆಂದೇ ನಿಧಾನವಾಗಿ ಬಿಚ್ಚುತ್ತಾರೆ, ಕೊಡವುತ್ತಾರೆ, ಮತ್ತೆ ಮಡಚುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಹೋದವರಿಗೆ ಮೊದಲು ಕೇಳಿಸುವುದು ಹಗೇವಿನೊಳಗಿನಿಂದ ಬರುವ ಗೋಗರೆತ: "ಇನ್ನೊಂದು ಬುಟ್ಟಿ ತಗೊಂಡ್ಹೋಗ್ರಪ್ಪಾ, ನಿಮ್ಮ ದಮ್ಮಯ್ಯ!"