ದೇವರಿಗೆ ನೀನು, ಹುಡುಗರಿಗೆ ನೀವು

ದಾವಣಗೆರೆಯ ಕಾಟನ್ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ, ಮಿಲ್ ಕಾರ್ಮಿಕರ ಓಣಿಯೊಂದರಲ್ಲಿ ಪೂಜ್ಯ ಫಾದರ್ ಸಂತ್ಯಾಗಪ್ಪನವರು ವಾಸವಾಗಿದ್ದರು. ಚರ್ಚಿನ ಗುರುಮನೆಯ ಅನುಕೂಲ ಬಿಟ್ಟು ತಗಡಿನ ಶೆಡ್ಡೊಂದನ್ನು ತಾವೇ ಆರಿಸಿಕೊಂಡಿದ್ದರು. ಮುಂದಿನ ಅರ್ಧದಲ್ಲಿ ಶಿಲುಬೆ ಮತ್ತು ಕೇರಂ ಬೋರ್ಡು, ಹಿಂದಿನ ಅರ್ಧದಲ್ಲಿ ಚಾಪೆಗಳು. ಮನೆಯವರು ಹೊರಗೆ ಹಾಕಿದ, ಪೊಲೀಸರು ಅಟ್ಟಾಡಿಸಿದ ಹುಡುಗರು ಮಲಗುತ್ತಿದ್ದುದು ಆ ಚಾಪೆಗಳ ಮೇಲೆ. ಫಾದರ್ ಸ್ವಾಮಿಗಳು ಉದ್ದುದ್ದ ಉಪದೇಶ ಮಾಡಿದವರಲ್ಲ. ಸಾಯಂಕಾಲ ಹುಡುಗರೊಡನೆ ವಾಲಿಬಾಲ್ ಆಡಿ, ಜಪಸರದ ಪ್ರಾರ್ಥನೆ ಹೇಳಿಸಿ, ಅವರ ಜೊತೆಯಲ್ಲೇ ಮಂಡಕ್ಕಿ ತಿನ್ನುತ್ತಿದ್ದರು. ಪಾದ್ರಿಗಳಿಗೆ ಬೇರೆ ಕೆಲಸವಿಲ್ಲವೇ ಎಂದು ನಗುವವರೂ ಇದ್ದರು. ನಗಲಿ ಬಿಡಿ.

ಅದೇ ಓಣಿಯ ಇನ್ನಾಸಪ್ಪನಿಗೆ ಮಾತ್ರ ಆ ಶೆಡ್ಡು ಕಂಡರೆ ಮೈಯೆಲ್ಲ ಉರಿ. ಮಿಲ್ಲು ಮುಚ್ಚಿದ ಮೇಲೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಒಬ್ಬನೇ ಮಗ ಫೆಲಿಕ್ಸ್ ಪುಂಡರ ಸಹವಾಸಕ್ಕೆ ಬಿದ್ದು, ಸರ ಕಿತ್ತು ಸಿಕ್ಕಿಬಿದ್ದಾಗ, ಇನ್ನಾಸಪ್ಪ ಅವನನ್ನು ಓಣಿಯವರೆದುರೇ ಬಡಿದು ಹೊರಗೆ ದೂಡಿದ್ದ. ಹುಡುಗ ಫಾದರ್ ಬಳಿ ಸೇರಿಕೊಂಡ. ತಾಯಿ ಜ್ಞಾನಮ್ಮ ಹಾಸಿಗೆ ಹಿಡಿದಳು. ತಟ್ಟೆ ಮುಂದಿಟ್ಟರೆ ಗೋಡೆ ಕಡೆ ಹೊರಳುತ್ತಿದ್ದಳು. ಮಗನನ್ನು ಕರೆದುಕೊಂಡು ಬಾ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಇನ್ನಾಸಪ್ಪ ರಸ್ತೆಯಲ್ಲಿ ಮಗನನ್ನು ತಡೆದು ಬೈದು ಕರೆದೂ ನೋಡಿದ. ಮಗ ಮುಖ ತಿರುಗಿಸಿ ಹೋದ. ಹೀಗೇ ಬಿಟ್ಟರೆ ಹೆಂಡತಿ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಇದಕ್ಕೆಲ್ಲ ಮಗನ ತಲೆ ಕೆಡಿಸಿದ ಪಾದ್ರಿಯೇ ಕಾರಣ ಎಂದು ಹಲ್ಲು ಕಡಿದ.

ಒಂದು ಸಂಜೆ, ಇವತ್ತು ಇತ್ಯರ್ಥವಾಗಿಬಿಡಲಿ ಎಂದು ಮಂಡಿಯಿಂದ ನೇರವಾಗಿ ಶೆಡ್ಡಿಗೇ ನುಗ್ಗಿದ. ಸ್ವಾಮಿಗಳು ನೆಲದ ಮೇಲೆ ಕುಳಿತು ಹರಿದ ವಾಲಿಬಾಲ್ ನೆಟ್ಟಿಗೆ ಗಂಟು ಹಾಕುತ್ತಿದ್ದರು. ಎದುರಿಗೆ ಫೆಲಿಕ್ಸ್ ಇದ್ದ.

"ಫೆಲಿಕ್ಸ್, ನೀವು ಆ ತುದಿ ಸ್ವಲ್ಪ ಬಿಗಿಯಾಗಿ ಹಿಡಿಯಿರಿ," ಎನ್ನುತ್ತಿದ್ದರು ಸ್ವಾಮಿಗಳು.

ಇನ್ನಾಸಪ್ಪನಿಗೆ ಬಂದ ಕೆಲಸವೇ ಮರೆತುಹೋಯಿತು. ಕಂಡವರ ಕೊರಳಿಗೆ ಕೈ ಹಾಕಿದ ಪೋಕರಿಗೆ ಇಷ್ಟು ಮರ್ಯಾದೆಯೇ! ಸಿಟ್ಟಿನ ಜೊತೆ ನಗುವೂ ಬಂತು.

"ಏನ್ ಫಾದರ್, ದಿನಾ ಹೇಳೋ ಪರಲೋಕ ಮಂತ್ರದಲ್ಲಿ ದೇವರನ್ನೇ ನೀನು ಅಂತೀವಿ. ಈ ನನ್ಮಗನಿಗೆ ನೀವಾ?"

ಸ್ವಾಮಿಗಳು ಮುಖವೆತ್ತಿದರು. ಆ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ.

"ದೇವರಿಗೆ ತಾನು ಯಾರು ಅಂತ ಗೊತ್ತಿದೆ, ಇನ್ನಾಸಪ್ಪನವರೇ. ಈ ಮಕ್ಕಳಿಗೆ ಅದು ಇನ್ನೂ ಗೊತ್ತಾಗಬೇಕು."

ಅಷ್ಟೇ. ಮತ್ತೆ ತಲೆ ತಗ್ಗಿಸಿ ಗಂಟು ಹಾಕತೊಡಗಿದರು.

ಇನ್ನಾಸಪ್ಪ ನಿಂತಲ್ಲೇ ನಿಂತ. ತನ್ನ ಹೆಸರನ್ನು ಇಷ್ಟು ಗೌರವದಿಂದ ಯಾರಾದರೂ ಕರೆದು ಯಾವ ಕಾಲವಾಗಿತ್ತೋ. ಮಿಲ್ಲಿನ ಮೇಸ್ತ್ರಿಗೆ ಅವನು 'ಲೇ', ಮಂಡಿಯ ಸಾಹುಕಾರನಿಗೂ 'ಲೇ'. ಅದನ್ನೇ ದಿನಾ ಮನೆಗೆ ಹೊತ್ತು ತಂದು ಮಗನ ತಲೆಯ ಮೇಲೆ ಇಳಿಸುತ್ತಿದ್ದೆನಲ್ಲ ಎನ್ನಿಸಿತು. ಮಗನ ಕಡೆ ತಿರುಗಿದ. ಹೇಗೆ ಮಾತನಾಡಿಸಬೇಕೆಂದು ತಿಳಿಯದೆ, ಫಾದರ್ ಆಡುವ ರೀತಿಯಲ್ಲೇ ತಡವರಿಸಿದ.

"ಅಮ್ಮ ಊಟ ಬಿಟ್ಟಿದಾಳೆ. ಮನೆಗೆ... ಬನ್ನಿ."

ಫೆಲಿಕ್ಸನ ಕೈಯಿಂದ ನೆಟ್ಟು ಜಾರಿತು. ಪೊಲೀಸರ ಏಟಿಗೂ ಅಳದಿದ್ದ ಹುಡುಗ ಬಿಕ್ಕಿ ಬಿಕ್ಕಿ ಅತ್ತ.

"ಅಪ್ಪಾ, ನೀನು ಮಾತ್ರ ಬಾರೋ ಅನ್ನಪ್ಪ."

ಇನ್ನಾಸಪ್ಪ ಮಗನ ಭುಜ ಹಿಡಿದು, ಕೊನೆಗೂ "ಬಾರೋ ಮಗನೇ" ಎಂದ. ತಂದೆ ಮಕ್ಕಳು ಹೊರಟಾಗ ಸ್ವಾಮಿಗಳು ಬಾಗಿಲವರೆಗೂ ಬಂದು ಕೈಮುಗಿದರು.

ಆ ಸಂಜೆ ಜ್ಞಾನಮ್ಮ ಎದ್ದು ಕೂತು ಮಗನ ಕೈತುತ್ತು ಉಂಡಳು. ಇನ್ನಾಸಪ್ಪನವರು, ಇನ್ನು ಹಾಗೆನ್ನದಿದ್ದರೆ ತಪ್ಪಾದೀತು, ಬದುಕಿರುವವರೆಗೂ ಕೆಲಸ ಮುಗಿಸಿ ಆ ಶೆಡ್ಡಿಗೆ ಹೋಗುತ್ತಿದ್ದರು. ಮನೆಯಿಂದ ದೂಡಿಸಿಕೊಂಡ ಹೊಸ ಹುಡುಗನೊಬ್ಬ ಬಾಗಿಲಲ್ಲಿ ಹಿಂಜರಿದು ನಿಂತರೆ, ಮೂಟೆ ಹೊತ್ತು ಸೋತ ಬೆನ್ನನ್ನು ನೆಟ್ಟಗೆ ಮಾಡಿಕೊಂಡು ಎದ್ದು ಹೋಗಿ, "ಒಳಗೆ ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರು.